ಹಾರ್ವರ್ಡ್ ಕ್ರೀಡಾ ತಂಡ ಸೇರಬಯಸುವವರು ಮಾಡಿಕೊಳ್ಳಬೇಕಾದ ಸಿದ್ಧತೆ

ಕ್ರೀಡಾ ಕೋಟಾ ಎಂದರೆ ನಮ್ಮಲ್ಲಿ ಸಿಇಟಿ ಅರ್ಜಿಯ ಜತೆಗೆ ಪ್ರಮಾಣಪತ್ರಗಳನ್ನು ಸಲ್ಲಿಸಿ, ಪರಿಶೀಲನೆ ಮಾಡಿಸಿಕೊಂಡು ಸೀಟು ಪಡೆಯುವ ವ್ಯವಸ್ಥೆ. ಇದೇ ಕಲ್ಪನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾರ್ವರ್ಡ್ ವಿಶ್ವವಿದ್ಯಾಲಯದತ್ತ ನೋಡುವ ಪೋಷಕರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ಅಲ್ಲಿ ಕ್ರೀಡಾಪಟುಗಳಿಗೆಂದು ಮೀಸಲಿಟ್ಟ ಸೀಟಿಲ್ಲ, ಆಟಕ್ಕಾಗಿ ಕೊಡುವ ವಿದ್ಯಾರ್ಥಿವೇತನವೂ ಇಲ್ಲ. ತಂಡದ ಕೋಚ್ ನಿಮ್ಮ ಹೆಸರನ್ನು ಬೆಂಬಲಿಸಬಹುದು. ಪ್ರವೇಶ ಕೊಡುವುದು ಮಾತ್ರ ಪ್ರವೇಶ ವಿಭಾಗ. ಆದ್ದರಿಂದ ಕೋಚ್ ಮೆಚ್ಚುವಂಥ ಸಾಧನೆ, ಪ್ರವೇಶ ವಿಭಾಗ ಒಪ್ಪುವಂಥ ಅಂಕ, ಇವೆರಡನ್ನೂ ಒಂಬತ್ತನೇ ತರಗತಿಯಿಂದಲೇ ಜತೆಜತೆಯಾಗಿ ಬೆಳೆಸಿಕೊಂಡು ಬರಬೇಕಾಗುತ್ತದೆ.

1636ರಲ್ಲಿ ಸ್ಥಾಪನೆಯಾದ ಈ ಖಾಸಗಿ ಸಂಸ್ಥೆಯ ಕ್ರೀಡಾ ಪರಂಪರೆಯೂ ಹಳೆಯದು. 1852ರಲ್ಲಿ ವಿನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ ನಡೆದ ದೋಣಿ ಸ್ಪರ್ಧೆಯನ್ನೇ ಅಮೆರಿಕದ ಮೊದಲ ಅಂತರ ಕಾಲೇಜು ಕ್ರೀಡಾಕೂಟವೆಂದು ಗುರುತಿಸಲಾಗುತ್ತದೆ. ಇಂದು ಅಲ್ಲಿ 42 ವಾರ್ಸಿಟಿ ತಂಡಗಳಿದ್ದು (ವಿಶ್ವವಿದ್ಯಾಲಯವನ್ನು ಅಧಿಕೃತವಾಗಿ ಪ್ರತಿನಿಧಿಸುವ ತಂಡಗಳು), ಸುಮಾರು 1,200 ವಿದ್ಯಾರ್ಥಿಗಳು ಅವುಗಳಲ್ಲಿ ಆಡುತ್ತಾರೆ. ಚಾರ್ಲ್ಸ್ ನದಿಯಾಚೆಯ ಆಲ್‌ಸ್ಟನ್‌ನಲ್ಲಿ 1903ರ ಕಾಂಕ್ರೀಟ್ ಕ್ರೀಡಾಂಗಣ, ಒಳಾಂಗಣ ಓಟದ ಟ್ರ್ಯಾಕ್, ಈಜುಕೊಳ, ಸ್ಕ್ವಾಷ್ ಅಂಕಣಗಳೆಲ್ಲ ಒಂದೇ ಆವರಣದಲ್ಲಿವೆ. ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಗ್ಯಾಬಿ ಥಾಮಸ್ ಮತ್ತು ಸ್ಕ್ವಾಷ್ ವಿಶ್ವ ಚಾಂಪಿಯನ್ ಅಲಿ ಫರಾಗ್ ಇಬ್ಬರೂ ಇಲ್ಲಿ ಓದಿದವರೇ.

ಮೊದಲು ನಿಮ್ಮ ಆಟ ಆ 42ರಲ್ಲಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇದು ಸಣ್ಣ ವಿಷಯವೆನಿಸಬಹುದು, ಆದರೆ ಕರ್ನಾಟಕದ ಮಕ್ಕಳ ಮಟ್ಟಿಗೆ ಬಹಳ ಮುಖ್ಯ. ಬೆಂಗಳೂರು ಬ್ಯಾಡ್ಮಿಂಟನ್‌ಗೆ ಹೆಸರಾದ ಊರು. ಆದರೂ ಬ್ಯಾಡ್ಮಿಂಟನ್ ಅಲ್ಲಿ ವಾರ್ಸಿಟಿ ಆಟವಲ್ಲ. ಕ್ರಿಕೆಟ್ಟೂ ಅಲ್ಲ. ಕೊಡಗಿನಲ್ಲಿ ಮನೆಮಾತಾದ ಹಾಕಿಗೆ ಮಹಿಳೆಯರ ವಾರ್ಸಿಟಿ ತಂಡವಿದೆಯೇ ಹೊರತು ಪುರುಷರ ತಂಡವಿಲ್ಲ. ಈಜು, ಅಥ್ಲೆಟಿಕ್ಸ್, ಟೆನಿಸ್, ಸ್ಕ್ವಾಷ್, ಗಾಲ್ಫ್, ಫೆನ್ಸಿಂಗ್, ರೋಯಿಂಗ್ ಮುಂತಾದವುಗಳಲ್ಲಿ ಪುರುಷರಿಗೂ ಮಹಿಳೆಯರಿಗೂ ಅವಕಾಶವಿದೆ. ಪಟ್ಟಿಯಲ್ಲಿಲ್ಲದ ಆಟದಲ್ಲಿ ರಾಷ್ಟ್ರೀಯ ಪದಕ ಗಳಿಸಿದ್ದರೆ ಅದು ಅರ್ಜಿಗೆ ತೂಕ ತರುತ್ತದೆ, ಆದರೆ ಕೋಚ್ ಬೆಂಬಲದ ದಾರಿ ಅಲ್ಲಿ ತೆರೆದಿರುವುದಿಲ್ಲ.

ಆಟ ಪಟ್ಟಿಯಲ್ಲಿದೆ ಎಂದಾದರೆ ಮುಂದಿನ ಕೆಲಸ ಕೋಚ್‌ಗೆ ಪತ್ರ ಬರೆಯುವುದು. ವಿಶ್ವವಿದ್ಯಾಲಯದ ಕ್ರೀಡಾ ಜಾಲತಾಣದಲ್ಲಿ ಪ್ರತಿ ತಂಡಕ್ಕೂ ಆಕಾಂಕ್ಷಿಗಳ ಮಾಹಿತಿ ನಮೂನೆ ಇರುತ್ತದೆ. ಅದನ್ನು ತುಂಬಿದ ನಂತರ ಇಮೇಲ್ ಕಳುಹಿಸಿ. ಇಮೇಲನ್ನು ವಿದ್ಯಾರ್ಥಿಯೇ ಬರೆಯಬೇಕು, ತಂದೆಯಾಗಲಿ ತಾಯಿಯಾಗಲಿ ಅಲ್ಲ. ವಿಷಯದ ಸಾಲಿನಲ್ಲೇ ಹೆಸರು, ದ್ವಿತೀಯ ಪಿಯುಸಿ ಅಥವಾ ಹನ್ನೆರಡನೇ ತರಗತಿ ಮುಗಿಯುವ ವರ್ಷ, ಸ್ಪರ್ಧೆ ಮತ್ತು ಅತ್ಯುತ್ತಮ ಸಾಧನೆ ಕಾಣುವಂತಿರಲಿ. "ಮಾನ್ಯರೇ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ" ಎಂಬ ಧಾಟಿಯ ಪೀಠಿಕೆಗೆ ಅಲ್ಲಿ ಬೆಲೆಯಿಲ್ಲ. ಮೊದಲ ಎರಡು ಸಾಲುಗಳಲ್ಲಿ ಅಂಕಿ ಸಂಖ್ಯೆ ಸಿಗದಿದ್ದರೆ ಓದುವವರು ಮುಂದಿನ ಪತ್ರಕ್ಕೆ ಹೋಗಿಬಿಡುತ್ತಾರೆ.

ಆ ಅಂಕಿ ಸಂಖ್ಯೆಗಳ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಈಜುಗಾರರ ಸಮಯ ಸಾಮಾನ್ಯವಾಗಿ 50 ಮೀಟರ್ ಕೊಳದಲ್ಲಿ ದಾಖಲಾದದ್ದು, ಆದರೆ ಅಮೆರಿಕದ ಕಾಲೇಜು ಸ್ಪರ್ಧೆಗಳು 25 ಗಜದ ಕೊಳದಲ್ಲಿ ನಡೆಯುತ್ತವೆ. 100 ಗಜವೆಂದರೆ 91.44 ಮೀಟರ್ ಮಾತ್ರ, ಜೊತೆಗೆ ತಿರುವುಗಳೂ ಹೆಚ್ಚು. ಹೀಗಾಗಿ ನಿಮ್ಮ 100 ಮೀಟರ್ ಸಮಯವನ್ನು ಅವರ ದಾಖಲೆ ಪಟ್ಟಿಯ ಪಕ್ಕದಲ್ಲಿಟ್ಟು ಎದೆಗುಂದುವ ಕಾರಣವಿಲ್ಲ. ಮೂಲ ಸಮಯ, ಕೊಳದ ಉದ್ದ, ಕೂಟದ ಹೆಸರು, ದಿನಾಂಕ ಇವಿಷ್ಟನ್ನು ಕೊಟ್ಟು, ಗಜಕ್ಕೆ ಪರಿವರ್ತಿಸಿದ ಅಂದಾಜನ್ನು ಬೇಕಾದರೆ ಪ್ರತ್ಯೇಕವಾಗಿ ನಮೂದಿಸಿ. ಓಟಗಾರರು ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ನ ಸಮಯವನ್ನಲ್ಲ, ಎಲೆಕ್ಟ್ರಾನಿಕ್ ಸಮಯವನ್ನೇ ಕೊಡಬೇಕು. 100 ಮೀಟರ್, 200 ಮೀಟರ್ ಮತ್ತು ಉದ್ದಜಿಗಿತಕ್ಕೆ ಗಾಳಿಯ ವೇಗವನ್ನೂ ಸೇರಿಸಬೇಕು, ಏಕೆಂದರೆ ಸೆಕೆಂಡಿಗೆ 2 ಮೀಟರ್‌ಗಿಂತ ಹೆಚ್ಚಿನ ಬೆನ್ನುಗಾಳಿಯಿದ್ದರೆ ಅದನ್ನು ದಾಖಲೆಗೆ ಪರಿಗಣಿಸುವುದಿಲ್ಲ. ಟೆನಿಸ್ ಮತ್ತು ಸ್ಕ್ವಾಷ್ ಆಟಗಾರರು ಒಳ್ಳೆಯ ಹೊಡೆತಗಳನ್ನಷ್ಟೇ ಪೋಣಿಸಿದ ತುಣುಕಿನ ಜತೆಗೆ, ಬಲಿಷ್ಠ ಎದುರಾಳಿಯ ವಿರುದ್ಧ ಆಡಿದ ಇಡೀ ಪಂದ್ಯದ ವಿಡಿಯೋ ಕಳುಹಿಸುವುದು ಉತ್ತಮ. ಸೋತ ಪಂದ್ಯವಾದರೂ ಅಡ್ಡಿಯಿಲ್ಲ. ಸೋಲುವಾಗ ಆಟಗಾರ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೂ ಅದರಲ್ಲಿ ಕಾಣುತ್ತದೆ.

ಇಮೇಲ್‌ಗೆ ಉತ್ತರ ಬರಲಿಲ್ಲವೆಂದು ಬೇಗ ಕೈಚೆಲ್ಲಬಾರದು. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ನಿಯಮದಂತೆ, ಬಹುತೇಕ ಆಟಗಳಲ್ಲಿ ವಿದ್ಯಾರ್ಥಿ ಹತ್ತನೇ ತರಗತಿ ಮುಗಿಸಿದ ನಂತರದ ಜೂನ್ 15ಕ್ಕೆ ಮೊದಲು ಕೋಚ್‌ಗಳು ಆಯ್ಕೆಯ ಕುರಿತು ಮಾತನಾಡುವಂತಿಲ್ಲ. ಆ ದಿನಕ್ಕೆ ಮುಂಚಿನ ಮೌನ ಬರಿಯ ನಿಯಮಪಾಲನೆ. ಅನಂತರವೂ ಪ್ರತಿ ದೊಡ್ಡ ಕೂಟದ ಬಳಿಕ ಹೊಸ ಸಾಧನೆಯನ್ನು ನಾಲ್ಕು ಸಾಲಿನಲ್ಲಿ ತಿಳಿಸುತ್ತಿರಬೇಕು.

ಕೋಚ್ ಆಸಕ್ತಿ ತೋರಿದರೆ ಅಂಕಪಟ್ಟಿಗಳನ್ನೂ, ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಅಥವಾ ಎಸಿಟಿ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ಕೆಲವು ವರ್ಷ ಐಚ್ಛಿಕವಾಗಿದ್ದ ಈ ಪರೀಕ್ಷೆಯನ್ನು ಹಾರ್ವರ್ಡ್ 2024ರಲ್ಲಿ ಮತ್ತೆ ಕಡ್ಡಾಯಗೊಳಿಸಿದೆ. ಹಾರ್ವರ್ಡ್ ಸೇರಿದಂತೆ ಎಂಟು ಖಾಸಗಿ ವಿಶ್ವವಿದ್ಯಾಲಯಗಳ ಐವಿ ಲೀಗ್, ಶಾಲಾ ಅಂಕ ಮತ್ತು ಪರೀಕ್ಷಾ ಅಂಕಗಳನ್ನು ಕೂಡಿಸಿ ಶೈಕ್ಷಣಿಕ ಸೂಚ್ಯಂಕವೊಂದನ್ನು ಲೆಕ್ಕ ಹಾಕುತ್ತದೆ. ಅದು ತೀರಾ ಕೆಳಗಿದ್ದರೆ ಎಂಥ ಆಟಗಾರನ ಪರವಾಗಿಯೂ ಕೋಚ್ ವಾದಿಸಲಾರ. ಪ್ರಥಮ ಪಿಯುಸಿಯನ್ನು ನಮ್ಮಲ್ಲಿ ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿನವರು ಮೊದಲು ತಿರುವಿ ನೋಡುವುದು ಆ ವರ್ಷದ ಅಂಕಪಟ್ಟಿಯನ್ನೇ, ಏಕೆಂದರೆ ಅರ್ಜಿ ಹಾಕುವ ಹೊತ್ತಿಗೆ ಕೈಯಲ್ಲಿರುವ ಕೊನೆಯ ಪೂರ್ಣ ಫಲಿತಾಂಶ ಅದೊಂದೇ.

ದ್ವಿತೀಯ ಪಿಯುಸಿ ಆರಂಭದ ತಿಂಗಳುಗಳಲ್ಲಿ ಪ್ರವೇಶ ವಿಭಾಗ ಈ ದಾಖಲೆಗಳನ್ನು ಮುಂಚಿತವಾಗಿ ಓದಿ ಕೋಚ್‌ಗೆ ಸೂಚನೆ ಕೊಡುವುದುಂಟು. ಅಕ್ಟೋಬರ್ 1ರ ನಂತರ, ಪೂರ್ಣ ಅರ್ಜಿ ಸಲ್ಲಿಸಿದ ಕೆಲವರಿಗೆ "ಪ್ರವೇಶ ಬಹುತೇಕ ಖಚಿತ" ಎಂಬರ್ಥದ ಅಧಿಕೃತ ಪತ್ರ ಬರಬಹುದು. ಈ ಪತ್ರ ಪ್ರವೇಶ ವಿಭಾಗದಿಂದಲೇ ಬರಬೇಕು. ಕೋಚ್ ಫೋನಿನಲ್ಲಿ ಹೇಳಿದ ಒಳ್ಳೆಯ ಮಾತು ಎಷ್ಟೇ ಭರವಸೆ ಹುಟ್ಟಿಸಿದರೂ ಅದಕ್ಕೆ ಸಮನಲ್ಲ. ಮುಂಚಿತ ಸುತ್ತಿನ ಅರ್ಜಿಗೆ ನವೆಂಬರ್ 1 ಕೊನೆಯ ದಿನ. ಸೀಟು ಕೊಡಿಸಿದರೆ ಮಾತ್ರ ಹಣ ಎನ್ನುವ ಮಧ್ಯವರ್ತಿಗಳಿಂದ ದೂರವಿರಿ. ಅವರಿಗೆ ಪ್ರವೇಶ ವಿಭಾಗದಲ್ಲಿ ಯಾವ ಅಧಿಕಾರವೂ ಇಲ್ಲ ಎಂಬುದು ಒಂದು ಕಾರಣವಾದರೆ, ಅಂಥ ಷರತ್ತಿನ ಶುಲ್ಕ ಎನ್‌ಸಿಎಎ ನಿಯಮಕ್ಕೆ ವಿರುದ್ಧ ಎಂಬುದು ಇನ್ನೊಂದು.

ಹಣದ ವಿಚಾರಕ್ಕೆ ಬಂದರೆ, 2025-26ರಲ್ಲಿ ಬೋಧನೆ, ವಸತಿ, ಊಟ ಸೇರಿ ವಾರ್ಷಿಕ ವೆಚ್ಚ 86 ಸಾವಿರ ಡಾಲರ್ ಮೀರುತ್ತದೆ. ಈ ಸಂಖ್ಯೆ ಕಂಡು ಅರ್ಜಿಯನ್ನೇ ಬಿಟ್ಟುಬಿಡುವುದು ಸರಿಯಲ್ಲ. ನೆರವು ಸಿಗುವುದು ಕುಟುಂಬದ ಅಗತ್ಯವನ್ನು ನೋಡಿ; ನೆರವು ಕೇಳಿದ್ದರಿಂದ ವಿದೇಶಿ ವಿದ್ಯಾರ್ಥಿಯ ಪ್ರವೇಶಕ್ಕೂ ಧಕ್ಕೆಯಾಗುವುದಿಲ್ಲ. 2025-26ರಿಂದ ವಾರ್ಷಿಕ ಆದಾಯ 1 ಲಕ್ಷ ಡಾಲರ್‌ವರೆಗೆ ಇದ್ದು, ಆಸ್ತಿಪಾಸ್ತಿಯೂ ಅದಕ್ಕೆ ತಕ್ಕಷ್ಟೇ ಇರುವ ಕುಟುಂಬಗಳ ಮಕ್ಕಳಿಗೆ ಬೋಧನೆ, ವಸತಿ, ಊಟವೆಲ್ಲ ಉಚಿತ. 2 ಲಕ್ಷದವರೆಗಿನವರಿಗೆ ಬೋಧನಾ ಶುಲ್ಕವಿಲ್ಲ. ನಮ್ಮ ಸಂಬಳಗಳನ್ನು ಡಾಲರಿಗೆ ಪರಿವರ್ತಿಸಿ ನೋಡಿದರೆ ಬಹುಪಾಲು ಮಧ್ಯಮ ವರ್ಗದ ಮನೆಗಳು ಮೊದಲ ಮಿತಿಯೊಳಗೇ ಬರುತ್ತವೆ. ಆದಾಯ ತೆರಿಗೆ ರಿಟರ್ನ್, ಫಾರಂ 16, ಜಮೀನಿದ್ದರೆ ಅದರ ವಿವರ ಇವೆಲ್ಲ ಇಂಗ್ಲಿಷ್ ಅನುವಾದದೊಂದಿಗೆ ಸಿದ್ಧವಿರಲಿ. ಪಹಣಿ ಕನ್ನಡದಲ್ಲಿರುವುದರಿಂದ ಅದರ ಅನುವಾದಕ್ಕೆ ಕೊನೆಯ ವಾರದಲ್ಲಿ ಪರದಾಡುವಂತಾಗಬಾರದು.

ಬಹುಮಾನದ ಹಣ, ಸರ್ಕಾರದ ನಗದು ಪುರಸ್ಕಾರ, ಪ್ರಾಯೋಜಕರ ನೆರವು ಇವೆಲ್ಲವನ್ನೂ ಎನ್‌ಸಿಎಎ ನಡೆಸುವ ಅರ್ಹತೆಯ ಪರಿಶೀಲನೆಯ ಸಮಯದಲ್ಲಿ ಘೋಷಿಸಬೇಕಾಗುವುದರಿಂದ, ಕೂಟಗಳ ಪ್ರಯಾಣ ವೆಚ್ಚದ ರಸೀದಿಗಳನ್ನು ಜೋಪಾನ ಮಾಡಿ. ವಿದ್ಯಾರ್ಥಿ ವೀಸಾದಲ್ಲಿರುವವರು ಅಲ್ಲಿ ಜಾಹೀರಾತಿನಿಂದ ಹಣ ಗಳಿಸಲು ಹೊರಟರೆ ವೀಸಾಕ್ಕೇ ಕುತ್ತು ಬರಬಹುದು. ಯಾವ ಒಪ್ಪಂದಕ್ಕೂ ಸಹಿ ಹಾಕುವ ಮುನ್ನ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಿ.

ಕೋಚ್ ಬೆಂಬಲವಿಲ್ಲದೆ, ಬರೀ ಓದಿನ ಬಲದಿಂದ ಪ್ರವೇಶ ಪಡೆದವರಿಗೂ ಆಟದ ಬಾಗಿಲು ಮುಚ್ಚಿಲ್ಲ. ಇಂದಿಗೂ ರ‍್ಯಾಡ್‌ಕ್ಲಿಫ್ ಎಂಬ ಹಳೆಯ ಹೆಸರಿನಲ್ಲೇ ಸ್ಪರ್ಧಿಸುವ ಮಹಿಳೆಯರ ರೋಯಿಂಗ್ ತಂಡ, ಎಂದೂ ಹುಟ್ಟು ಹಿಡಿಯದವರನ್ನೂ ಮೊದಲ ವರ್ಷದಲ್ಲಿ ತರಬೇತಿಗೆ ಸೇರಿಸಿಕೊಂಡ ಪರಂಪರೆ ಹೊಂದಿದೆ. ಅದೂ ಆಗದಿದ್ದರೆ ಕ್ಲಬ್‌ಗಳಿವೆ. ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದು ಹೋದವರು ಅಲ್ಲಿ ಆಡಬಹುದು. ವಿದ್ಯಾರ್ಥಿ ನಿಲಯಗಳ ನಡುವೆ ಸ್ಟ್ರಾಸ್ ಕಪ್‌ಗಾಗಿ ವರ್ಷವಿಡೀ ಪಂದ್ಯಗಳು ನಡೆಯುತ್ತವೆ, ಅವುಗಳಲ್ಲಿ ಆಡಲು ಆಯ್ಕೆ ಪರೀಕ್ಷೆಯೇ ಇಲ್ಲ.