ಬಟ್ಟೆ ಕೋಣೆಯ ಕರಿಬೇವಿಗೆ ಗಾಳಿಯ ದಾರಿ

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಸಂಜೆ ನಾಲ್ಕೂವರೆಗೆಲ್ಲ ಮನೆಗೆ ಹೊರಟುಬಿಡುತ್ತಾನೆ. ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ. ಕಿಟಕಿಯ ಬಳಿ ಇಟ್ಟಿದ್ದ ನನ್ನ ಕರಿಬೇವು ಮೊದಲ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಿತು. ಎರಡನೆಯ ಚಳಿಗಾಲದ ನಂತರ ಚಿಗುರಲೇ ಇಲ್ಲ. ಆಮೇಲೆ ಬೀಜದಿಂದ ಎಬ್ಬಿಸಿದ ಸಸಿಯನ್ನು ಹಾಗೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಕರಿಬೇವಿನ ಬೀಜ ಒಣಗಿದರೆ ಮೊಳೆಯುವುದಿಲ್ಲ. ಹಣ್ಣು ಕಿತ್ತ ಕೆಲವೇ ದಿನಗಳಲ್ಲಿ ಊರಬೇಕು. ಅಂಥ ಬೀಜ ಈ ಊರಿನಲ್ಲಿ ಸಿಕ್ಕಿದ್ದೇ ಪುಣ್ಯ.

ಹಾಗಾಗಿ ಗಿಡ ಬೆಳೆಸುವ ಟೆಂಟ್ ತಂದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಐದು ಅಡಿ ಎತ್ತರ; ಒಳಗೆಲ್ಲ ಬೆಳ್ಳಿಯಂತೆ ಹೊಳೆಯುವ ಬಟ್ಟೆ. ಜೊತೆಗೆ 150 ವ್ಯಾಟ್‌ನ ಎಲ್‌ಇಡಿ ದೀಪ, ಕೊಳವೆಯ ಮೂಲಕ ಗಾಳಿಯನ್ನು ಹೊರಗೆಳೆಯುವ, ನಾಲ್ಕು ಅಂಗುಲ ಬಾಯಿಯ ಡಕ್ಟ್ ಫ್ಯಾನ್. ಅಂಗಡಿಯ ಹುಡುಗ ವಾಸನೆ ಹೀರುವ ಇದ್ದಿಲಿನ ಫಿಲ್ಟರನ್ನೂ ಕೊಳ್ಳಿ ಎಂದು ನಾಲ್ಕು ಸಲ ಹೇಳಿದ. ಮಿನೆಸೋಟಾದಲ್ಲಿ 2023ರ ಆಗಸ್ಟ್‌ನಿಂದ ವಯಸ್ಕರು ಮನೆಯಲ್ಲೇ ಗಾಂಜಾ ಗಿಡ ಬೆಳೆಸಿಕೊಳ್ಳಬಹುದು. ಟೆಂಟ್ ಕೊಳ್ಳುವವರೆಲ್ಲ ಅದಕ್ಕೇ ಎಂದು ಅವನ ಲೆಕ್ಕ. ಕರಿಬೇವಿನ ವಾಸನೆ ಮನೆಯೆಲ್ಲ ಹರಡಲಿ ಎಂದೇ ಇಷ್ಟು ಖರ್ಚು ಮಾಡುತ್ತಿರುವುದು ಎಂದು ಅವನಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ.

ನಡುಮನೆಯಲ್ಲಿ ಈ ಕಪ್ಪು ಡಬ್ಬಿ ಬೇಡವೆಂದು ಹೆಂಡತಿ ಮೊದಲೇ ತೀರ್ಪು ಕೊಟ್ಟಿದ್ದಳು. ಉಳಿದದ್ದು ಮಲಗುವ ಕೋಣೆಗೆ ಅಂಟಿಕೊಂಡಿರುವ ಬಟ್ಟೆಯ ಕೋಣೆ. ಇಲ್ಲಿಯವರು ಕ್ಲೋಸೆಟ್ ಎನ್ನುತ್ತಾರೆ. ಐದು ಅಡಿಗೆ ನಾಲ್ಕು ಅಡಿ, ಎತ್ತರ ಎಂಟು ಅಡಿ, ಕಿಟಕಿಯಿಲ್ಲ, ಒಂದೇ ಬಾಗಿಲು. ಟೆಂಟ್ ನಿಲ್ಲಿಸಿ, ಮೇಲಿನ ಕಂಬಿಗೆ ಫ್ಯಾನ್ ಕಟ್ಟಿ, ಬಿಸಿಗಾಳಿಯ ಕೊಳವೆಯನ್ನು ಟೆಂಟಿನ ತಲೆಯಿಂದ ಹೊರಗೆ ಬಿಟ್ಟು ಕ್ಲೋಸೆಟ್ ಬಾಗಿಲು ಹಾಕಿದೆ. ಎರಡು ಗಂಟೆ ಬಿಟ್ಟು ನೋಡಿದರೆ ಒಳಗೆ 36 ಡಿಗ್ರಿ. ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿದೆ. ಸದ್ದು ಜೋರಾಯಿತು, ಶಾಖ ಜಗ್ಗಲಿಲ್ಲ.

ಆ ರಾತ್ರಿ ತೀರ್ಥಹಳ್ಳಿಯ ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿಕೊಂಡೆ. ಅಮ್ಮ ಐವತ್ತು ವರ್ಷ ಸೌದೆ ಒಲೆಯ ಮುಂದೆ ಕಣ್ಣೊರೆಸಿಕೊಂಡವಳು. "ಅಲ್ಲ ಮಾರಾಯ, ಹಿತ್ತಿಲ ಬಾಗಿಲು ಹಾಕಿಕೊಂಡು ಒಲೆ ಉರಿಸಿದರೆ ಗವಾಕ್ಷಿ ಇದ್ದು ಏನು ಪ್ರಯೋಜನ?" ಎಂದಳು. ಅಷ್ಟೇ ವಿಷಯ. ನಾನು ಟೆಂಟಿಗೆ ಗವಾಕ್ಷಿ ಇಟ್ಟಿದ್ದೆ, ಕ್ಲೋಸೆಟ್ಟಿಗೆ ಇಟ್ಟಿರಲಿಲ್ಲ. ಡಬ್ಬಿಯೊಳಗೊಂದು ಡಬ್ಬಿ.

ಲೆಕ್ಕ ಹಾಕಿದಾಗಲೂ ಅದೇ ಬಂತು. ದೀಪ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಹೆಚ್ಚುಕಡಿಮೆ ಶಾಖವೇ ಆಗುತ್ತದೆ. ಇಲ್ಲಿ ಶಾಖವನ್ನು ಅಳೆಯುವ ಮಾನ ಬಿಟಿಯು. ಒಂದು ವ್ಯಾಟ್‌ಗೆ ಗಂಟೆಗೆ 3.41 ಬಿಟಿಯು; 150 ವ್ಯಾಟ್‌ಗೆ ಸುಮಾರು 512. ಟೆಂಟಿನ ಶಾಖ ಹೊರಗಿನ ಗಾಳಿಗಿಂತ ಮೂರೇ ಡಿಗ್ರಿ ಸೆಲ್ಸಿಯಸ್ ಹೆಚ್ಚಿರಲಿ ಎಂದರೆ ನಿಮಿಷಕ್ಕೆ 90 ಘನ ಅಡಿಯಷ್ಟು ಗಾಳಿ ಹಾಯಬೇಕು. ನನ್ನ ಫ್ಯಾನಿನ ಡಬ್ಬದ ಮೇಲೆ ಬರೆದಿರುವುದು ಅದರ ಎರಡರಷ್ಟು. ಫ್ಯಾನಿಗೆ ಶಕ್ತಿ ಸಾಲದು ಎಂಬ ಮಾತೇ ಇಲ್ಲ. ಆದರೆ ನನ್ನ ಕ್ಲೋಸೆಟ್ಟಿನಲ್ಲಿರುವುದು ಒಟ್ಟು 160 ಘನ ಅಡಿ ಗಾಳಿ. ಎರಡು ನಿಮಿಷವೂ ಕಳೆಯುವ ಮೊದಲೇ ಫ್ಯಾನ್ ಅಷ್ಟನ್ನೂ ಒಮ್ಮೆ ನುಂಗಿ ಉಗುಳಿ, ಮತ್ತೆ ಅದನ್ನೇ ನುಂಗುತ್ತಿತ್ತು.

ಬಾಡಿಗೆ ಮನೆ; ಗೋಡೆ ಕೊರೆಯುವಂತಿಲ್ಲ. ಮನೆ ಮಾಲೀಕರನ್ನು ಕೇಳಿಕೊಂಡು, ಕ್ಲೋಸೆಟ್ ಬಾಗಿಲಿನ ಮೂರೂ ಕೀಲುಗಳ ಕಡ್ಡಿಯನ್ನು ಮೇಲಕ್ಕೆ ಬಡಿದು ತೆಗೆದೆ. ಅಸಲು ಬಾಗಿಲು ಮಂಚದ ಹಿಂದೆ ಹೋಯಿತು. ಅದರ ಜಾಗಕ್ಕೆ ಪ್ಲೈವುಡ್ ಹಲಗೆ. ಮೇಲ್ಭಾಗದಲ್ಲಿ ನಾಲ್ಕು ಅಂಗುಲದ ತೂತು, ಕೊಳವೆಯ ಬಾಯಿ ಅದಕ್ಕೆ ಸೇರಿಸಿದ್ದು. ಈಗ ಬಿಸಿಗಾಳಿ ನೇರವಾಗಿ ಮಲಗುವ ಕೋಣೆಗೆ. ಹೊಸ ಗಾಳಿ ಹಲಗೆಯ ಅಡಿಯ ಸಂದಿನಿಂದ ಬರಬೇಕು. ನಾಲ್ಕು ಅಂಗುಲದ ವೃತ್ತದ ಅಳತೆ ಹನ್ನೆರಡೂವರೆ ಚದರ ಅಂಗುಲ. ಗಾಳಿ ಒಳಬರುವ ದಾರಿ ಅದರ ಎರಡು ಮೂರು ಪಟ್ಟಾದರೂ ಇರಬೇಕು. 30 ಅಂಗುಲ ಅಗಲದ ಹಲಗೆಯ ಕೆಳಗೆ ಒಂದು ಅಂಗುಲ ಸಂದು ಬಿಟ್ಟರೆ 30 ಚದರ ಅಂಗುಲ. ಸರಿಹೋಯಿತು ಎಂದುಕೊಂಡೆ.

ಸರಿಹೋಗಿರಲಿಲ್ಲ. ದೇವರ ಮುಂದಿನ ಊದುಬತ್ತಿಯೊಂದನ್ನು ಹಚ್ಚಿ ನೆಲದ ಮೇಲೆ ಕವುಚಿ ಮಲಗಿ ಸಂದಿನ ಬಳಿ ಹಿಡಿದೆ. ಹೊಗೆ ಒಳಗೆ ನುಗ್ಗಬೇಕಿತ್ತು. ನೆಟ್ಟಗೆ ಮೇಲಕ್ಕೆ ಹೋಯಿತು. ಬೆರಳು ತೂರಿಸಿ ನೋಡಿದರೆ ಸಂದೇ ಇಲ್ಲ! ಒಂದು ಅಂಗುಲದ ಜಾಗವನ್ನು ನೆಲದ ದಪ್ಪ ಕಾರ್ಪೆಟ್ಟಿನ ಉಣ್ಣೆ ಪೂರ್ತಿ ತುಂಬಿಕೊಂಡಿತ್ತು. ಹಲಗೆಯನ್ನು ಇನ್ನೂ ಒಂದು ಅಂಗುಲ ಕತ್ತರಿಸಿದ ಮೇಲೆ ಹೊಗೆಯ ಎಳೆ ಬಾಗಿ, ಹಲಗೆಯಡಿ ನುಸುಳಿ, ಆಚೆ ಟೆಂಟಿನ ಕೆಳಗಿನ ಜಾಲರಿ ಕಿಂಡಿಯೊಳಗೆ ಹೋಗುವುದು ಟಾರ್ಚ್ ಬೆಳಕಿನಲ್ಲಿ ಕಂಡಿತು. ಅಷ್ಟರಲ್ಲಿ ಚಾವಣಿಯ ಹೊಗೆ ಅಲಾರಂ ಕಿರುಚಿಕೊಂಡು ಮಗು ಎದ್ದದ್ದು ಬೇರೆ ಕಥೆ. ಈ ಪರೀಕ್ಷೆ ಹಗಲು ಹೊತ್ತಿನಲ್ಲಿ ಮಾಡಿ.

ಅಂದು ಶಾಖ 27ಕ್ಕೆ ಇಳಿಯಿತು. ಕೊಳವೆಯಿಂದ ಇನ್ನೂ ಒಂದು ಡಿಗ್ರಿ ಸಿಕ್ಕಿತು. ಎಂಟು ಅಡಿಯ ಕೊಳವೆಯನ್ನು ಹಾಗೇ ಸುರುಳಿಯಾಗಿ ಜೋಲುಬಿಟ್ಟಿದ್ದೆ. ಒಳಗಿನ ಒಂದೊಂದು ಮಡಿಕೆಯೂ ಗಾಳಿಯನ್ನು ತಡೆಯುತ್ತದೆ. ಮೂರೂವರೆ ಅಡಿಗೆ ಕತ್ತರಿಸಿ, ಬಿಗಿಯಾಗಿ ಎಳೆದು, ಒಂದೇ ತಿರುವು ಉಳಿಸಿಕೊಂಡೆ. ಫ್ಯಾನಿನ ವೇಗ ಇಳಿಸಲು ಮನೆಯಲ್ಲಿದ್ದ ದೀಪದ ಡಿಮ್ಮರ್ ಹಾಕಿ ನೋಡಿದ್ದು ನನ್ನ ಇನ್ನೊಂದು ಜಾಣತನ. ಮೋಟಾರು ಗುಂಯ್‌ಗುಟ್ಟಿ ಕೈಸುಡುವಷ್ಟು ಕಾದಿತು. ಫ್ಯಾನಿನದೇ ವೇಗ ನಿಯಂತ್ರಕ ತಂದೆ. ಟೆಂಟಿನ ಗೋಡೆಗಳು ಸ್ವಲ್ಪ ಒಳಕ್ಕೆ ಬಾಗಿದ್ದರೆ ಫ್ಯಾನ್ ಸರಿಯಾಗಿ ಎಳೆಯುತ್ತಿದೆ ಎಂದರ್ಥ. ಹಸಿದ ಹೊಟ್ಟೆಯಂತೆ ಪೂರಾ ಒಳಕ್ಕೆ ಅಂಟಿಕೊಂಡರೆ ಕೆಳಗಿನ ಕಿಂಡಿಗಳನ್ನು ಇನ್ನಷ್ಟು ತೆರೆಯಬೇಕು.

ಶಾಖದ ಕಾಟ ಹೀಗೆ ಮುಗಿಯಿತು. ನಿಜವಾಗಿ ಕಾಡಿದ್ದು ತೇವ.

ದೀಪಕ್ಕೂ ಫ್ಯಾನಿಗೂ ಒಂದೇ ಟೈಮರ್ ಹಾಕಿದ್ದೆ. ದೀಪ ಆರಿದ ಮೇಲೆ ಶಾಖವಿಲ್ಲ, ಫ್ಯಾನೇಕೆ ಎಂಬ ಉಳಿತಾಯ ಬುದ್ಧಿ. ಒಂದು ಬೆಳಿಗ್ಗೆ ಜಿಪ್ ಎಳೆದಾಗ ಬೆಳ್ಳಿ ಬಟ್ಟೆಯ ಮೇಲೆಲ್ಲ ಸಾಸಿವೆ ಗಾತ್ರದ ಹನಿಗಳು. ಕರಿಬೇವಿನ ಜೊತೆಗೆ ಒಳಗಿಟ್ಟಿದ್ದ ದೊಡ್ಡಪತ್ರೆಯ ಎರಡು ಎಲೆ ಕೊಳೆತು ಕುಂಡದ ಅಂಚಿಗೆ ಅಂಟಿದ್ದವು. ಮೀಟರು ತೇವಾಂಶ ನೂರಕ್ಕೆ 88 ಎನ್ನುತ್ತಿತ್ತು. ದೀಪ ಆರಿದೊಡನೆ ಟೆಂಟಿನ ಗಾಳಿ ತಣ್ಣಗಾಗುತ್ತದೆ. ಮಣ್ಣಿನಿಂದ ಮಾತ್ರ ನೀರಾವಿ ಏಳುತ್ತಲೇ ಇರುತ್ತದೆ. ತಣ್ಣಗಿನ ಗಾಳಿಗೆ ಅಷ್ಟು ಆವಿ ಹೊರುವ ಶಕ್ತಿಯಿಲ್ಲ. ಫ್ಯಾನ್ ಹೆಚ್ಚು ಬೇಕಿದ್ದ ಹೊತ್ತಿನಲ್ಲೇ ನಾನು ಅದನ್ನು ನಿಲ್ಲಿಸುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಜನವರಿಯಲ್ಲಿ ಟೆಂಟನ್ನು ಸರಿಸಿದಾಗ ಹಿಂದಿನ ಗೋಡೆಯ ಮೂಲೆಯಲ್ಲಿ, ನೆಲದಿಂದ ಗೇಣೆತ್ತರದವರೆಗೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಬೂಷ್ಟು. ಅದು ಮನೆಯ ಹೊರಗೋಡೆ. ಆಚೆ ಬದಿಗೆ ಮೈನಸ್ 25 ಡಿಗ್ರಿ. 24 ಡಿಗ್ರಿ ಶಾಖ, ನೂರಕ್ಕೆ 65 ತೇವಾಂಶವಿರುವ ಗಾಳಿ 17 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಹನಿಗಟ್ಟುತ್ತದೆ. ಆ ಮೂಲೆಯ ಮೇಲೆ ಕೈಯಿಟ್ಟರೆ ಫ್ರಿಜ್ಜಿನ ಬಾಗಿಲೊಳಗೆ ಇಟ್ಟಂತಿತ್ತು. ಟೆಂಟನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಅಲ್ಲಿ ಗಾಳಿಯೂ ಆಡುತ್ತಿರಲಿಲ್ಲ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಟೆಂಟನ್ನು ನಾಲ್ಕು ಅಂಗುಲ ಮುಂದೆ ತಂದೆ. ಫ್ಯಾನ್ ಈಗ ಹಗಲೂ ರಾತ್ರಿ ಓಡುತ್ತದೆ. ದೀಪ ಆರಿದಾಗ ಕಡಿಮೆ ವೇಗದಲ್ಲಿ, ತೇವ ನೂರಕ್ಕೆ 60 ದಾಟಿದರೆ ತಾನಾಗಿ ಜೋರಾಗಿ. ನೀರನ್ನು ದೀಪ ಹತ್ತುವ ಹೊತ್ತಿಗೆ ಹಾಕುತ್ತೇನೆ, ಆರುವ ಹೊತ್ತಿಗೆ ಅಲ್ಲ. ಒಳಗೊಂದು ಪುಟ್ಟ ಕ್ಲಿಪ್ ಫ್ಯಾನ್ ಎಲೆಗಳನ್ನು ಸುಮ್ಮನೆ ಅಲುಗಿಸುತ್ತಿರುತ್ತದೆ.

ಗಾಳಿಯನ್ನು ಮನೆಯ ಹೊರಗೇ ಬಿಡಬಾರದೇ ಎಂದು ಹಲವರು ಕೇಳುತ್ತಾರೆ. ನಿಮಿಷಕ್ಕೆ 90 ಘನ ಅಡಿ ಬೆಚ್ಚನೆಯ ಗಾಳಿ ಹೊರಹೋದರೆ ಅಷ್ಟೇ ಗಾಳಿ ಎಲ್ಲೆಲ್ಲಿಯೋ ಬಿರುಕುಗಳಿಂದ ಹಿಮದಂತೆ ತಣ್ಣಗೆ ಒಳಬರುತ್ತದೆ. ಹೀಟರಿನ ಬಿಲ್ಲು ನಾನು ಕಟ್ಟಬೇಕು. ಮನೆಯಲ್ಲಿ ಚಿಮಣಿಯಿರುವ ಗ್ಯಾಸ್ ಗೀಸರ್ ಇದ್ದರೆ ಅದರ ವಿಷಗಾಳಿ ಹಿಂದಕ್ಕೆ ಮನೆಯೊಳಗೆ ಎಳೆದುಕೊಳ್ಳುವ ಅಪಾಯವೂ ಇದೆ. ಅಟ್ಟಕ್ಕೆ ಬಿಟ್ಟರೆ ಅಲ್ಲಿ ತೇವ ಹೆಪ್ಪುಗಟ್ಟಿ, ಕರಗಿದಾಗ ಚಾವಣಿಗೆ ಇಳಿಯುತ್ತದೆ. ಮಲಗುವ ಕೋಣೆಗೆ ಬಿಟ್ಟದ್ದು ನಮಗೆ ಲಾಭವೇ ಆಯಿತು. ಹೀಟರಿನಿಂದ ಒಣಗಿ ನೂರಕ್ಕೆ 22ಕ್ಕೆ ಇಳಿದಿದ್ದ ಕೋಣೆಯ ತೇವ 33ಕ್ಕೆ ಬಂತು; ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ಕೆನ್ನುವುದು ನಿಂತಿತು, ಮಗುವಿನ ಗಂಟಲು ಒಣಗುವುದು ಕಡಿಮೆಯಾಯಿತು. ಕಿಟಕಿಯ ಗಾಜಿನ ಕೆಳಅಂಚಿನಲ್ಲಿ ಮಂಜುಗಡ್ಡೆಯ ಗೆರೆ ಕಂಡ ದಿನ ತೇವ ಹೆಚ್ಚಾಯಿತೆಂದು ತಿಳಿದು, ಬಚ್ಚಲುಮನೆಯ ಫ್ಯಾನನ್ನು ಸ್ವಲ್ಪ ಹೊತ್ತು ಓಡಿಸುತ್ತೇನೆ.

ಫ್ಯಾನಿನ ಸದ್ದಿಗೆ ಮಾತ್ರ ಪೂರ್ತಿ ಮದ್ದು ಸಿಕ್ಕಿಲ್ಲ. ಕಂಬಿಗೆ ಬಿಗಿದಿದ್ದನ್ನು ಬಿಚ್ಚಿ ರಬ್ಬರ್ ಪಟ್ಟಿಯಲ್ಲಿ ತೂಗುಹಾಕಿದ ಮೇಲೆ ಗೋಡೆ ಗುನುಗುವುದು ನಿಂತಿದೆ. ಉಳಿದದ್ದನ್ನು ಮಳೆಯ ಸದ್ದು ಎಂದುಕೋ ಎಂದು ಹೆಂಡತಿಗೆ ಹೇಳಿದೆ. "ಮಲೆನಾಡಿನವರಿಗೆ ಯಾವುದು ಮಳೆ, ಯಾವುದು ಮಿಷನ್ನು ಎಂದು ಗೊತ್ತು" ಎಂದಳು.

ಈ ಫೆಬ್ರವರಿಯಲ್ಲಿ ಕರಿಬೇವು ಮೂರು ಹೊಸ ಕವಲು ಒಡೆದಿದೆ. ಜೊತೆಗೆ ವೀಳ್ಯದೆಲೆಯ ಬಳ್ಳಿಯೊಂದನ್ನೂ ಒಳಗೆ ಸೇರಿಸಿದ್ದೇನೆ. ಅದಕ್ಕೆ ತೇವ ಎಷ್ಟಿದ್ದರೂ ಸಾಲದು, ದೊಡ್ಡಪತ್ರೆಗೆ ಚೂರು ಹೆಚ್ಚಾದರೂ ಆಗದು. ಬಳ್ಳಿಯನ್ನು ಗಾಳಿ ಒಳಬರುವ ಕಿಂಡಿಯಿಂದ ದೂರದ ಮೂಲೆಗೆ, ದೊಡ್ಡಪತ್ರೆಯನ್ನು ಕಿಂಡಿಯ ಎದುರಿಗೇ ಇಟ್ಟು, ಎರಡರ ಪಕ್ಕದಲ್ಲೂ ಒಂದೊಂದು ಮೀಟರ್ ನೇತುಹಾಕಿದ್ದೇನೆ. ಇವತ್ತು ಬೆಳಿಗ್ಗೆ ಎರಡು ಮೀಟರುಗಳು ತೋರಿಸಿದ ತೇವಾಂಶಕ್ಕೆ ಇದ್ದ ವ್ಯತ್ಯಾಸ ಏಳು.