ಹಲ್ಲು ಕೀಳುವ ಮುಂಚೆ ನಾನು ಕೇಳುವ ಪ್ರಶ್ನೆಗಳು

ಮುಂಬೈಯ ಮುಲುಂಡ್‌ನಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್. ಬರುವವರಲ್ಲಿ ಕನ್ನಡದವರೇ ಜಾಸ್ತಿ. ಹೋಟೆಲಿನಲ್ಲಿ ದುಡಿಯುವ ಕುಂದಾಪುರ, ಉಡುಪಿ ಕಡೆಯ ಹುಡುಗರು, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ಸಂಸಾರಗಳು. ರಕ್ತ ಬೇಗ ನಿಲ್ಲದ ಕಾಯಿಲೆ ಹುಟ್ಟಿನಿಂದಲೇ ಇದ್ದರೂ ಎಷ್ಟೋ ಜನರಿಗೆ ಅದು ಗೊತ್ತಾಗುವುದು ಹಲ್ಲು ಕೀಳಿಸಿಕೊಂಡಾಗ. ಕಿತ್ತ ಮೇಲೆ ಗೊತ್ತಾಗುವುದು ಬೇಡ, ಮೊದಲೇ ಗೊತ್ತಾಗಲಿ ಅನ್ನುವುದು ನನ್ನ ಹಟ.

"ರಕ್ತ ನಿಲ್ಲದ ಕಾಯಿಲೆ ಇದೆಯಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಅವರದು ಸುಳ್ಳಲ್ಲ. ಹುಟ್ಟಿದಾಗಿನಿಂದ ಹಾಗೇ ಇರುವವರಿಗೆ ಅದು ಕಾಯಿಲೆ ಅಂತ ಹೇಗೆ ತಿಳಿಯಬೇಕು? ಹಾಗಾಗಿ ನಾನು ನಡೆದದ್ದನ್ನು ಕೇಳುತ್ತೇನೆ. ಹಾಲುಹಲ್ಲು ಬಿದ್ದಾಗ ಎಷ್ಟು ಹೊತ್ತು ರಕ್ತ ಬಂತು? ಮೂಗಿನಲ್ಲಿ ರಕ್ತ ಬಂದರೆ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲುವುದಿಲ್ಲವಾ? ಪೆಟ್ಟೇ ಬೀಳದೆ ಮೈಮೇಲೆ ನೀಲಿ ಕಲೆ ಆಗುತ್ತಾ? ಚಿಕ್ಕಂದಿನಲ್ಲಿ ಮೊಣಕಾಲು ಊದಿಕೊಳ್ಳುತ್ತಿತ್ತಾ? ಮುಸ್ಲಿಂ ಮನೆಯ ಹುಡುಗರಾದರೆ ಸುನ್ನತ್ ಆದಾಗ ಏನಾಯಿತು? ಹೊಕ್ಕುಳಬಳ್ಳಿ ಬಿದ್ದಾಗ ರಕ್ತ ಸೋರಿತ್ತಾ ಅಂತ ಅಮ್ಮನಿಗೇ ಫೋನ್ ಮಾಡಿಸಿ ಕೇಳಿದ್ದೂ ಇದೆ. ಯಾವಾಗಲಾದರೂ ರಕ್ತದ ಬಾಟಲಿ ಏರಿಸಿದ್ದಾರಾ ಅನ್ನುವುದನ್ನು ತಪ್ಪದೆ ಕೇಳುತ್ತೇನೆ.

ಆಮೇಲೆ ಮನೆತನ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಹುಟ್ಟಿನಿಂದಲೇ ಕಮ್ಮಿ ಇರುವ ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಅದಕ್ಕೇ ಸೋದರಮಾವಂದಿರ ಬಗ್ಗೆ, ಅಕ್ಕತಂಗಿಯರ ಗಂಡುಮಕ್ಕಳ ಬಗ್ಗೆ ಕೇಳುತ್ತೇನೆ. ಮನೆಯಲ್ಲಿ ಯಾರಿಗೂ ಇಲ್ಲ ಅಂದ ಮಾತ್ರಕ್ಕೆ ಬಿಡುವ ಹಾಗಿಲ್ಲ. ಹಿಮೋಫಿಲಿಯಾದಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಅದು ಆ ಮನೆಯಲ್ಲಿ ಹೊಸದಾಗಿ ಬಂದಿರುತ್ತದೆ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ಮದುವೆ ಮಾಡುವ ರೂಢಿ ಬೇರೆ ಇದೆ. ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಕೆಲಸ ಮಾಡದ ಗ್ಲಾನ್ಸ್‌ಮನ್ ಕಾಯಿಲೆ, ಹೆಪ್ಪನ್ನು ಗಟ್ಟಿಮಾಡುವ ಫ್ಯಾಕ್ಟರ್ 13 ಅನ್ನುವ ಪ್ರೋಟೀನಿನ ಕೊರತೆ ಇಂಥವು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತವೆ. ರಕ್ತಸಂಬಂಧದ ಮದುವೆಯಾದ ಮನೆಗಳಲ್ಲಿ ಅದರ ಸಾಧ್ಯತೆ ಜಾಸ್ತಿ.

ಹೆಂಗಸರ ವಿಷಯದಲ್ಲಿ ಮುಟ್ಟಿನ ಬಗ್ಗೆ ಕೇಳಲೇಬೇಕು. ಹಲ್ಲಿನ ಡಾಕ್ಟರಿಗೆ ಇದೆಲ್ಲ ಯಾಕೆ ಅನ್ನುವ ಹಾಗೆ ನೋಡುತ್ತಾರೆ. ವಿಜಯಪುರದ ಕಡೆಯ ಒಬ್ಬ ಹೆಣ್ಣುಮಗಳು ಕೆಳಗಿನ ದವಡೆ ಹಲ್ಲು ಕೀಳಿಸಲು ಬಂದಿದ್ದಳು. ಎಂಟೊಂಬತ್ತು ದಿನ ಮುಟ್ಟು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಗಡ್ಡೆಗಳು. "ನಮ್ಮವ್ವಗೂ ಹಿಂಗ ಇತ್ರಿ, ಅಕ್ಕಗೂ ಹಿಂಗ ಐತ್ರಿ. ಇದರಾಗೇನ್ ಹೇಳೂದು ಮೇಡಂ?" ಅಂದಳು. ಹೆರಿಗೆಯ ದಿನ ಏನೂ ಆಗಿರಲಿಲ್ಲ. ವಾರ ಕಳೆದ ಮೇಲೆ ರಕ್ತ ಸುರಿದು ಬಾಟಲಿ ಏರಿಸಬೇಕಾಗಿ ಬಂದಿತ್ತು. ಅಷ್ಟು ಕೇಳಿದ ಕೂಡಲೇ ಇಕ್ಕಳ ಕೆಳಗಿಟ್ಟೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಅನ್ನುವ ಪ್ರೋಟೀನ್ ಬಸುರಿಯಲ್ಲಿ ತಾನಾಗಿಯೇ ಏರುತ್ತದೆ, ಹೆರಿಗೆಯಾದ ಮೇಲೆ ಇಳಿಯುತ್ತದೆ. ಆ ಪ್ರೋಟೀನ್ ಹುಟ್ಟಿನಿಂದಲೇ ಸರಿ ಇಲ್ಲದ ಕಾಯಿಲೆಗೆ ಅವಳ ಕಥೆ ಸರಿಯಾಗಿ ಹೊಂದುತ್ತಿತ್ತು.

ಅವಳ ಕೈಯಲ್ಲಿ ಬಿಟಿ-ಸಿಟಿ ನಾರ್ಮಲ್ ಅನ್ನುವ ರಿಪೋರ್ಟ್ ಇತ್ತು. ಬೆರಳೋ ಕಿವಿಯೋ ಚುಚ್ಚಿ ಎಷ್ಟು ನಿಮಿಷಕ್ಕೆ ರಕ್ತ ನಿಂತಿತು, ಎಷ್ಟು ನಿಮಿಷಕ್ಕೆ ಹೆಪ್ಪುಗಟ್ಟಿತು ಅಂತ ನೋಡುವ ಈ ಪರೀಕ್ಷೆಯನ್ನು ಇನ್ನೂ ಎಷ್ಟೋ ಕಡೆ ಬರೆದುಕೊಡುತ್ತಾರೆ. ಕಾಯಿಲೆ ತೀವ್ರವಾಗಿಲ್ಲದಿದ್ದರೆ ಅದರಲ್ಲಿ ಸಿಕ್ಕಿಬೀಳುವುದೇ ಅಪರೂಪ. ನಾನು ಬರೆಯುವುದು ಪ್ಲೇಟ್‌ಲೆಟ್ ಲೆಕ್ಕ, ರಕ್ತಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಮಿಯರ್, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಲ್ಯಾಬಿನಲ್ಲಿ ಅಳೆಯುವ ಪಿಟಿ ಮತ್ತು ಎಪಿಟಿಟಿ. ಇವೆಲ್ಲ ನಾರ್ಮಲ್ ಬಂದರೂ ಕಥೆ ಜೋರಾಗಿದ್ದರೆ ಕಥೆಯನ್ನೇ ನಂಬುತ್ತೇನೆ. ಫ್ಯಾಕ್ಟರ್ 13 ಕಮ್ಮಿ ಇದ್ದರೆ ಪಿಟಿ, ಎಪಿಟಿಟಿ ಎರಡೂ ಸರಿಯಾಗೇ ಬರುತ್ತವೆ. ಗ್ಲಾನ್ಸ್‌ಮನ್‌ನಲ್ಲಿ ಪ್ಲೇಟ್‌ಲೆಟ್ ಲೆಕ್ಕ ಸರಿ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕಥೆಯನ್ನು ಅಳೆಯಲು ಐಎಸ್‌ಟಿಎಚ್ ಅನ್ನುವ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆಯ ಅಂಕಪಟ್ಟಿ ಇದೆ. ಗಂಡಸರಿಗೆ 4, ಹೆಂಗಸರಿಗೆ 6, ಮಕ್ಕಳಿಗೆ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ಕಳಿಸುತ್ತೇನೆ.

ಕಳಿಸುವಾಗ ರಕ್ತವನ್ನಲ್ಲ, ರೋಗಿಯನ್ನೇ ಕಳಿಸುತ್ತೇನೆ. ಈ ಪರೀಕ್ಷೆಗೆ ತಿಳಿನೀಲಿ ಮುಚ್ಚಳದ ಟ್ಯೂಬ್. ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಸಿಟ್ರೇಟ್ ಒಂದು ಪಾಲು, ರಕ್ತ ಒಂಬತ್ತು ಪಾಲು. ಗೆರೆಯವರೆಗೆ ತುಂಬದಿದ್ದರೆ ಎಪಿಟಿಟಿ ಸುಮ್ನೆ ಉದ್ದ ತೋರಿಸುತ್ತದೆ. ಐಸ್ ಡಬ್ಬಿಯಲ್ಲಿಟ್ಟು ಲೋಕಲ್ ರೈಲಿನಲ್ಲಿ ಊರೆಲ್ಲ ಸುತ್ತಿಸಿದರೆ ವಾನ್ ವಿಲ್ಲೆಬ್ರಾಂಡ್ ಇದ್ದದ್ದಕ್ಕಿಂತ ಕಮ್ಮಿ ಕಾಣುತ್ತದೆ. ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ಇಂಥ ರಕ್ತದ ಕಾಯಿಲೆಗಳನ್ನು ಪರೀಕ್ಷಿಸುವ, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಇದೆ. ಮುಲುಂಡ್‌ನಿಂದ ಸ್ಲೋ ಲೋಕಲ್ ಹತ್ತಿದರೆ ಪರೇಲ್‌ನಲ್ಲಿ ಇಳಿಯಬಹುದು. ಜ್ವರ ಇರುವಾಗ ಹೋಗಬೇಡಿ ಅಂತ ಹೇಳಿ ಕಳಿಸುತ್ತೇನೆ. ಜ್ವರದಲ್ಲೂ ಆ ಪ್ರೋಟೀನ್ ಏರಿ ಕಾಯಿಲೆ ಮರೆಯಾಗಬಹುದು.

ವಿಜಯಪುರದ ಆ ಹೆಣ್ಣುಮಗಳಿಗೆ ಇದ್ದದ್ದು ವಾನ್ ವಿಲ್ಲೆಬ್ರಾಂಡ್ ಕಾಯಿಲೆಯೇ. ರಕ್ತರೋಗದ ತಜ್ಞರಾದ ಹೆಮಟಾಲಜಿಸ್ಟ್ ಜೊತೆ ಮಾತಾಡಿ ಸೋಮವಾರ ಬೆಳಿಗ್ಗೆ ಕೀಳುವುದು ಅಂತ ಗೊತ್ತುಮಾಡಿದೆವು. ರಕ್ತ ಬಂದರೂ ವಾರವಿಡೀ ಲ್ಯಾಬು, ಡಾಕ್ಟರು ಕೈಗೆ ಸಿಗುತ್ತಾರೆ. ಕೆಳದವಡೆಗೆ ಆಳವಾಗಿ ಕೊಡುವ ಬ್ಲಾಕ್ ಇಂಜೆಕ್ಷನ್ ಕೊಡಲಿಲ್ಲ. ಅಲ್ಲಿ ರಕ್ತ ಸೋರಿ ಗಂಟಲ ಕಡೆ ಇಳಿದರೆ ಉಸಿರೇ ಕಟ್ಟಬಹುದು. ಹಲ್ಲಿನ ಸುತ್ತ ಮಾತ್ರ ಮರಗಟ್ಟಿಸಿ ಕಿತ್ತು, ಹೊಲಿಗೆ ಹಾಕಿದೆ. ಆದ ಹೆಪ್ಪು ಕರಗದ ಹಾಗೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ 500 ಮಿಲಿಗ್ರಾಂ ಮಾತ್ರೆಯನ್ನು 10 ಮಿಲಿಲೀಟರ್ ನೀರಿನಲ್ಲಿ ಅರೆದು ಅದರಲ್ಲಿ ಗಾಜ್ ಅದ್ದಿ ಕಚ್ಚಿಸಿದೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಬ್ರೂಫೆನ್, ಆಸ್ಪಿರಿನ್ ರಕ್ತ ನಿಲ್ಲದ ಹಾಗೆ ಮಾಡುತ್ತವೆ, ಮುಟ್ಟಬೇಡ ಅಂತ ಗಂಡನ ಎದುರಿಗೇ ಹೇಳಿದೆ.

ಕಷ್ಟ ಇರುವುದು ಇದಾದ ಮೇಲೆ. "ಮದುವೆಯಾಗದ ತಂಗಿ ಇದ್ದಾಳೆ, ಯಾರಿಗೂ ಹೇಳಬೇಡಿ" ಅನ್ನುತ್ತಾರೆ. ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ತಂಗಿಯನ್ನೇ ಒಮ್ಮೆ ಕರೆತನ್ನಿ ಅನ್ನುತ್ತೇನೆ. ನಾಳೆ ಅವಳಿಗೂ ಹೆರಿಗೆಯಾಗುತ್ತದೆ, ವಾರದ ಮೇಲೆ ರಕ್ತ ಹೋದರೆ ಯಾಕೆ ಅಂತ ಅಲ್ಲಿನ ಡಾಕ್ಟರಿಗೆ ಗೊತ್ತಿರಬೇಕಲ್ವಾ? ಹಿಮೋಫಿಲಿಯಾ ಇರುವ ಮನೆಯವರಿಗಾದರೆ, ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಸೇರಿದೆ, ಮುಚ್ಚಿಟ್ಟರೆ ಆ ಸೌಲಭ್ಯವೂ ಸಿಗುವುದಿಲ್ಲ ಅಂತ ತಿಳಿಸಿ ಹೇಳುತ್ತೇನೆ. ವಿಜಯಪುರದ ಆ ಹೆಣ್ಣುಮಗಳ ಅಕ್ಕನಿಗೆ ಕಾಯಿಲೆಯ ಹೆಸರು, ಮಾಡಿಸಬೇಕಾದ ಪರೀಕ್ಷೆಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಅಕ್ಕ ದೀಪಾವಳಿಗೆ ಮುಂಬೈಗೆ ಬರುವವಳಿದ್ದಾಳೆ.