ಎರಡು ಇಟ್ಟಿಗೆ, ಒಂದಿಷ್ಟು ಕಾಳು: ಘಸ್ಸಾನ್–ಲಖ್ಮ್ ಜಗಳ ಕಲಿಸುವುದು ಹೀಗೆ

ಮೊದಲು ಪುಸ್ತಕ ಮುಚ್ಚಿಸಿ. ವಿಜಯಪುರದ ನಮ್ಮ ಮನೆ ಅಂಗಳದಲ್ಲಿ ಪಿಯುಸಿ ಮಕ್ಕಳಿಗೆ ನಾನು ಹೀಗೇ ಶುರು ಮಾಡುವುದು. ಫರಸಿ ಮೇಲೆ ದೂರ ದೂರ ಎರಡು ಇಟ್ಟಿಗೆ ಇಡಿ. ಎಡಗಡೆಯದು ಬೈಜಾಂಟಿಯಂ, ಅಂದರೆ ಪೂರ್ವದ ರೋಮ್. ಬಲಗಡೆಯದು ಪರ್ಷಿಯಾ. ನಡುವೆ ಸಿರಿಯಾದ ಮರುಭೂಮಿ. ರೋಮಿನ ಬದಿಗೆ ಬಿಳಿಜೋಳದ ಗುಂಪಿ ಹಾಕಿ, ಅವರು ಘಸ್ಸಾನ್ ಅರಬರು. ಪರ್ಷಿಯಾ ಬದಿಗೆ ಕಡಲೆ, ಅವರು ಹೀರಾ ಊರಿನ ಲಖ್ಮ್ ಅರಬರು. ಇಬ್ಬರೂ ತಮ್ಮ ತಮ್ಮ ದೊಡ್ಡವರ ಗಡಿ ಕಾಯುವವರು.

ರಾಜರ ಪಟ್ಟಿ ಆಮೇಲೆ. ಮೊದಲು ಹುಲ್ಲಿನ ಜಗಳ ಹೇಳಿ. ಸಿರಿಯಾದ ಹಳೇ ಪಟ್ಟಣ ಪಾಲ್ಮೈರಾದ ದಕ್ಷಿಣಕ್ಕೆ ಸ್ಟ್ರಾಟಾ ಅಂತ ಒಂದು ಸೀಮೆ. ಬೆಳೆ ಬಾರದ ನೆಲ, ಕುರಿಗಷ್ಟೇ ಮೇವು. ಸುಮಾರು ಕ್ರಿ.ಶ. 539ರಲ್ಲಿ ಇದಕ್ಕೇ ತಂಟೆ. ಘಸ್ಸಾನಿನ ದೊರೆ ಹಾರಿತ್ ವಾದ: ಸ್ಟ್ರಾಟಾ ಎಂದರೆ ಲ್ಯಾಟಿನ್‌ನಲ್ಲಿ ಕಲ್ಲು ಹಾಸಿದ ದಾರಿ, ಹೆಸರೇ ರೋಮಿನದು, ನೆಲ ಬೇರೆಯವರದು ಹೇಗಾಗುತ್ತದೆ? ಲಖ್ಮಿನ ದೊರೆ ಮುಂದಿರ್ ವಾದ: ಹೆಸರು ಬಿಡಿ, ಕುರಿಯವರು ಮೇವಿನ ದುಡ್ಡು ಕೊಡುತ್ತಿದ್ದದ್ದು ನಮಗೆ!

ಇಲ್ಲಿ ನಿಲ್ಲಿಸಿ, ನ್ಯಾಯ ಯಾರದು ಅಂತ ಕೇಳಿ. ಹೊಲದಲ್ಲಿ ಕುರಿ ತರುಬಿಸುವ ಮನೆಯ ಮಕ್ಕಳು ಸುಮ್ನೆ ಬಿಡುವುದಿಲ್ಲ. ಹೋದ ವರ್ಷ ಇದಕ್ಕೇ ಮುಕ್ಕಾಲು ತಾಸು ಹೋಯಿತು, ನನ್ನ ಚಹಾ ಆರಿತು. 540ರಲ್ಲಿ ಎರಡು ಇಟ್ಟಿಗೆಗಳ ನಡುವೆಯೇ ಯುದ್ಧ. ಪರ್ಷಿಯಾದ ದೊರೆ ಮೊದಲನೇ ಖುಸ್ರೊಗೆ ನೆಪ ಬೇಕಿತ್ತು, ಸಿಕ್ಕಿತು ಅಂತ ನನ್ನ ಲೆಕ್ಕ.

554ರಲ್ಲಿ ಸಿರಿಯಾದ ಖಿನ್ನಸ್ರೀನ್ ಬಳಿ ಹಾರಿತ್ ಕಡೆಯವರು ಮುಂದಿರ್‌ನನ್ನು ಕೊಂದರು. ಇಲ್ಲಿ ಹುಷಾರು. ಹಾರಿತ್ ಮಗನ ಹೆಸರೂ ಮುಂದಿರ್! ಸುಮಾರು 580ರಲ್ಲಿ ಹೀರಾಕ್ಕೆ ಬೆಂಕಿ ಇಟ್ಟವನು ಈ ಮಗ. ಒಂದು ಸಲ ನಾನು ಸತ್ತವನ ಕೈಯಿಂದಲೇ ಅವನದೇ ಊರು ಸುಡಿಸಿದ್ದೆ, ಮಕ್ಕಳೆಲ್ಲ ಹಾಗೇ ಬರೆದುಕೊಂಡರು. ಈಗ ಜೋಳದ ಮುಂದಿರ್, ಕಡಲೆ ಮುಂದಿರ್ ಅಂತಲೇ ಕರೆಯುತ್ತೇನೆ.

ಕೊನೆಗೆ ಗುಂಪಿಗಳನ್ನು ಇಟ್ಟಿಗೆಯಿಂದಲೇ ಕೆಡಿಸಿ. ಜೋಳದ ಮುಂದಿರ್‌ನನ್ನು ಸೆರೆಗೆ ಹಾಕಿದ್ದು ಬೈಜಾಂಟಿಯಂ. ಲಖ್ಮಿನ ದೊರೆ ನುಮಾನ್‌ನನ್ನು ಸುಮಾರು 602ರಲ್ಲಿ ಮುಗಿಸಿದ್ದು ಪರ್ಷಿಯಾದ ಎರಡನೇ ಖುಸ್ರೊ. ಬೇಲಿ ಕಿತ್ತವರು ಹೊಲದವರೇ, ಅಲ್ವಾ? ಆಮೇಲೆ ದಕ್ಷಿಣದಿಂದ ಒಂದು ಗೆರೆ ಎಳೆಯಿಸಿ, ಅದು ಅರೇಬಿಯಾದಿಂದ ಬಂದ ಮುಸ್ಲಿಂ ಸೇನೆ. 633ರಲ್ಲಿ ಹೀರಾ ಆ ಸೇನೆಯ ದಂಡನಾಯಕ ಖಾಲಿದ್ ಇಬ್ನ್ ವಲೀದ್‌ಗೆ ಶರಣಾಯಿತು, 636ರಲ್ಲಿ ಯರ್ಮೂಕ್ ಕಾಳಗದಲ್ಲಿ ಬೈಜಾಂಟಿಯಂ ಅದೇ ಸೇನೆಗೆ ಸೋತಿತು.

ಕಡಲೆ ಹಸಿಯದೇ ತನ್ನಿ. ಹುರಿದದ್ದು ಇಟ್ಟರೆ 554 ಬರುವಷ್ಟರಲ್ಲಿ ಲಖ್ಮರು ಮಕ್ಕಳ ಹೊಟ್ಟೆ ಸೇರಿರುತ್ತಾರೆ.